ಹಸಿ ಭತ್ತದ ಸರದಿ

ದೊಡ್ಡವ್ವನ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಭತ್ತ ಕಚ್ಚಿ ಕಚ್ಚಿ ಮುರಿದ ಹಲ್ಲು ಅದು. ಲಾರಿಯಿಂದ ಚೀಲ ಇಳಿಯುವ ಮೊದಲೇ ಬೆರಳು ತೂರಿಸಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಟ್ ಎಂದು ಮುರಿದರೆ ಒಣ, ಮೆತ್ತಗೆ ಚಪ್ಪಟೆಯಾದರೆ ಹಸಿ. ತೇವ ಅಳೆಯುವ ಮಷೀನು ಆಫೀಸಿನ ಮೇಜಿನ ಮೇಲೆಯೇ ಇತ್ತು. ಆಕೆ ಅದರ ಮೇಲೆ ಕನ್ನಡಕ ಇಡುತ್ತಿದ್ದಳು. ಎಷ್ಟೋ ಸಲ ಆಕೆಯ ತೀರ್ಮಾನ ತಪ್ಪಿ ಮಷೀನಿನದೇ ಸರಿಯಾಗುತ್ತಿತ್ತು. ಆಗ ಮಷೀನು ಕೆಟ್ಟಿದೆ, ರಿಪೇರಿಗೆ ಬಳ್ಳಾರಿಗೆ ಕಳಿಸು ಎಂದು ನನಗೆ ಹೇಳುತ್ತಿದ್ದಳು. ಅದು ಬಳ್ಳಾರಿಗೆ ಹೋಗಿ, ಏನೂ ಆಗಿಲ್ಲ ಎಂದು ಹೇಳಿಸಿಕೊಂಡು, ವಾಪಸು ಬರುತ್ತಿತ್ತು.

ಆಕೆ ನನ್ನ ತಾಯಿಯ ಅಕ್ಕ. ಸಿರುಗುಪ್ಪದಿಂದ ತೆಕ್ಕಲಕೋಟೆ ಕಡೆ ಹೋಗುವ ರಸ್ತೆಗೆ ಸಾಲಾಗಿ ನಿಂತಿರುವ ಅಕ್ಕಿ ಮಿಲ್ಲುಗಳಲ್ಲಿ ಒಂದು ಅವಳದು. ಗಂಡ ತೀರಿಕೊಂಡಾಗ ಮೈದುನಂದಿರು ಮಿಲ್ಲು ಮಾರಿಬಿಡು ಎಂದರಂತೆ. ತಿಥಿಕರ್ಮ ಮುಗಿದ ಮರುದಿನವೇ ಹೋಗಿ ಬಾಯ್ಲರಿಗೆ ಬೆಂಕಿ ಹಾಕಿಸಿ, ಮಾತು ಮುಗಿಸಿದಳು. ಮಕ್ಕಳಿರಲಿಲ್ಲ. ನಾನು ಬಳ್ಳಾರಿಯಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತ ಕುಳಿತಿದ್ದಾಗ, ಮಂದಿಯ ಲೆಕ್ಕ ಬರೆಯುವ ಬದಲು ಮನೆಯ ಲೆಕ್ಕ ಬರಿ ಎಂದು ಕರೆದುಕೊಂಡು ಹೋದಳು. ಮದುವೆಯಾದ ಮೇಲೂ ನಾನು ಅದೇ ಮೇಜು ಬಿಡಲಿಲ್ಲ.

ಒಳ್ಳೆಯವಳು ಎಂದು ಸುಮ್ಮನೆ ಹೇಳಿಬಿಟ್ಟರೆ ಆಕೆಗೇ ಸಿಟ್ಟು ಬರುತ್ತಿತ್ತು. ಹಮಾಲರನ್ನು ತೆಲುಗಿನಲ್ಲಿ ಬೈಯುತ್ತಿದ್ದಳು, ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದಳು. ಬೇರೆಯವರ ಅಕ್ಕಿಯನ್ನು ಒಂದು ದಿನವೂ ಚೆನ್ನಾಗಿದೆ ಎಂದವಳಲ್ಲ. ಚಿನ್ನದ ಬಣ್ಣದ ಫ್ರೇಮಿನ ಕನ್ನಡಕ, ಗಂಜಿ ಹಾಕಿದ ಸೀರೆ, ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಒಂದು ಕಡೆ ಕಾಲು ಹಾಕಿ ನೆಟ್ಟಗೆ ಕೂರುವ ಠೀವಿ. ದಾರಿಯಲ್ಲಿ ಯಾರು ನಮಸ್ಕಾರ ಮಾಡಿದರು, ಯಾರು ಮಾಡಲಿಲ್ಲ ಎಂಬುದು ಆಕೆಗೆ ಸಂಜೆಯವರೆಗೂ ನೆನಪಿರುತ್ತಿತ್ತು. ತಪ್ಪಾಯಿತು ಎಂಬ ಮಾತು ಆಕೆಯ ಬಾಯಿಂದ ನಾನು ಕೇಳಿದ್ದು ಒಂದೇ ಸಲ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ರಸ್ತೆಯ ಮಿಲ್ಲುಗಳಲ್ಲಿ ಒಂದು ರೂಢಿ ಇತ್ತು. ಕುಚ್ಚಲಕ್ಕಿ ಮಾಡುವ ಮಿಲ್ಲಿನಲ್ಲಿ ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಬೇಕು. ನೆನೆದ ಭತ್ತಕ್ಕೆ ಹೊತ್ತಿಗೆ ಸರಿಯಾಗಿ ಹಬೆ ಸಿಗದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ, ಆಮೇಲೆ ಅದನ್ನು ದನವೂ ಮೂಸುವುದಿಲ್ಲ. ಬಾಯ್ಲರು ಉರಿಯುವುದು ಹೊಟ್ಟಿನಿಂದಾದರೂ ಗಾಳಿ ಊದುವುದಕ್ಕೆ, ನೀರು ಹೊಡೆಯುವುದಕ್ಕೆ, ಭತ್ತ ಒಣಗಿಸುವುದಕ್ಕೆ ಕರೆಂಟೇ ಬೇಕು. ಎಲ್ಲ ಮಿಲ್ಲುಗಳದೂ ಒಂದೇ ಲೈನು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮೋಟಾರು ಹಾಕಿದರೆ ಲೈನು ಟ್ರಿಪ್ ಆಗಿ ಯಾರಿಗೂ ಇಲ್ಲದಂತಾಗುತ್ತಿತ್ತು. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಮಿಲ್ಲಿನಿಂದ ಮಿಲ್ಲಿಗೆ ಫೋನು. ನಮಸ್ಕಾರ ಇಲ್ಲ, ಕ್ಷೇಮ ಸಮಾಚಾರ ಇಲ್ಲ.

“ಯಾರ್ದು ಹಸಿ ಐತಿ?”

ಹಸಿ ಭತ್ತ ಇದ್ದವರು ಮೊದಲು. ಒಣ ಭತ್ತ ಇದ್ದವರು ಮೋಟಾರು ಆರಿಸಿ ಕೂರಬೇಕು. ಚೀಲದಲ್ಲಿರುವ ಒಣ ಭತ್ತ ನಾಳೆಗೂ ಹಾಗೇ ಇರುತ್ತದೆ, ತೊಟ್ಟಿಯಲ್ಲಿರುವುದು ಇರುವುದಿಲ್ಲ. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ನನ್ನ ಭತ್ತ ಹಸಿ ಎಂದು ಸುಳ್ಳು ಹೇಳಿದ ಮಿಲ್ಲಿನವನೊಬ್ಬನಿದ್ದ. ಅವನ ಮಗಳ ಮದುವೆಗೆ ನಮ್ಮ ರಸ್ತೆಯಿಂದ ಯಾರೂ ಹೋಗಲಿಲ್ಲ. ಈ ಸರದಿಯ ಧೈರ್ಯದಲ್ಲೇ ದೊಡ್ಡವ್ವ ದೊಡ್ಡ ಜನರೇಟರ್ ಕೊಂಡುಕೊಳ್ಳಲಿಲ್ಲ. ಜನರೇಟರ್ ಇಟ್ಟುಕೊಂಡವನು ನೆರೆಯವರನ್ನು ನಂಬದವನು ಎಂಬುದು ಆಕೆಯ ವಾದ.

ಎದುರು ಮಿಲ್ಲಿನ ಸಾಹುಕಾರನಿಗೂ ದೊಡ್ಡವ್ವನಿಗೂ ಆಗುತ್ತಿರಲಿಲ್ಲ. ಲಾರಿ ನಿಲ್ಲಿಸುವ ಜಾಗದಿಂದ ಹಿಡಿದು ಚರಂಡಿ ನೀರಿನವರೆಗೆ ಜಗಳ. ಆದರೂ ಒಂದು ಬೇಸಿಗೆಯಲ್ಲಿ ಅವನ ಬಾಯ್ಲರಿನ ಕೊಳವೆ ಒಡೆದು, ರಿಪೇರಿಯಾಗುವಷ್ಟರಲ್ಲಿ ತೊಟ್ಟಿಯ ಭತ್ತಕ್ಕೆ ಹೊತ್ತು ಮೀರುತ್ತಿತ್ತು. ನಮ್ಮದು ತುಂಬು ಕೆಲಸದ ದಿನ. ನಮ್ಮದೂ ಹಸಿಯೇ, ಆದರೆ ಆಗಷ್ಟೇ ನೀರಿಗೆ ಬಿದ್ದದ್ದು. ದೊಡ್ಡವ್ವ ತಾನಾಗಿ ಮೋಟಾರು ಆರಿಸಿ ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತಳು. ಮಿರ್ಚಿ ತರಿಸಿ ಹಮಾಲರಿಗೆ ಕೊಟ್ಟು ತಾನೂ ತಿಂದಳು. ಎದುರಿನ ಚಿಮಣಿಯಿಂದ ಹೊಗೆ ಏಳುವುದನ್ನು ನೋಡುತ್ತ, ಆ ಮನುಷ್ಯನ ಅಕ್ಕಿ ಮಾತ್ರ ದೇವರೇ ಕಾಯಬೇಕು ಎಂದು ನನಗೆ ಹೇಳಿದಳು. ಸಾಹುಕಾರ ಆಮೇಲೆ ಥ್ಯಾಂಕ್ಸ್ ಹೇಳಲಿಲ್ಲ. ಆಕೆಯೂ ಕಾದಿರಲಿಲ್ಲ. ಚರಂಡಿಯ ಜಗಳ ಮಾರನೆಯ ದಿನ ಮತ್ತೆ ಶುರುವಾಯಿತು.

ಹೀಗಿದ್ದ ಊರಿಗೆ ಡೇಟಾ ಸೆಂಟರ್ ಬಂತು. ಕುರುಗೋಡಿನ ಆಚೆ, ಕಲ್ಲುಗುಡ್ಡಗಳ ಬದಿಯ ಬಯಲಿನಲ್ಲಿ, ಕಿಟಕಿಯೇ ಇಲ್ಲದ ಬಿಳೀ ಕಟ್ಟಡಗಳು. ನಮ್ಮ ಜನ ಅದಕ್ಕೆ ಕಂಪ್ಯೂಟರ್ ಗೋಡೌನ್ ಎಂದರು. ಒಳಗೆ ಸಾಲು ಸಾಲು ಕಂಪ್ಯೂಟರುಗಳು ಹಗಲೂ ರಾತ್ರಿ ಓಡುತ್ತವೆ, ಅವು ಬಿಸಿಯಾಗದಂತೆ ತಣ್ಣಗಿಡಲು ಮತ್ತಷ್ಟು ಕರೆಂಟು ಬೇಕು ಎಂಬ ಸುದ್ದಿ ಗೋಡೆಗಿಂತ ಮೊದಲೇ ಎದ್ದಿತು. ಅದಕ್ಕೆ ಕರೆಂಟು ಹೋಗಬೇಕಾದದ್ದು ನಮಗೆ ಕೊಡುವ ಸಬ್‌ಸ್ಟೇಷನ್ನಿನಿಂದಲೇ. ಹೊಸ ಕಂಬಗಳು ಹೊಲಗಳ ಮೇಲೆ ಹಾಯಬೇಕಿತ್ತು. ರೈತರು ಕಂಬ ನೆಡಲು ಬಿಡುವುದಿಲ್ಲ ಎಂದರು, ಮಿಲ್ಲಿನವರು ಅವರ ಹಿಂದೆ ನಿಂತರು. ಕಂಪನಿ ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ಸಭೆ ಕರೆಯಿತು.

ಮ್ಯಾನೇಜರ್ ಬೆಂಗಳೂರು ಕಡೆಯವನು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ನಮ್ಮ ಕಂಪ್ಯೂಟರುಗಳ ಕೆಲಸವೆಲ್ಲ ಒಂದೇ ತರಹದ್ದಲ್ಲ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ. ಆಸ್ಪತ್ರೆಯದು, ಬ್ಯಾಂಕಿನದು ಒಂದು ಕ್ಷಣವೂ ನಿಲ್ಲುವ ಹಾಗಿಲ್ಲ. ಆದರೆ ಯಂತ್ರಕ್ಕೆ ಹೊಸ ವಿದ್ಯೆ ಕಲಿಸುವ ಕೆಲಸ, ಹಳೆಯ ಮಾಹಿತಿಯ ನಕಲು ತೆಗೆಯುವ ಕೆಲಸ, ಇವು ಸಂಜೆಗಾದರೂ ಆಗುತ್ತವೆ, ನಾಳೆಗಾದರೂ ಆಗುತ್ತವೆ, ಬೇರೆ ಊರಿನ ಸೆಂಟರಿಗೆ ಕಳಿಸಿದರೂ ನಡೆಯುತ್ತದೆ. ಹಾಗಾಗಿ ರಾಜ್ಯದ ಕರೆಂಟಿನ ಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಕಷ್ಟವಾದಾಗ ನಾವು ನಮ್ಮ ಬಳಕೆ ಇಳಿಸಿಕೊಳ್ಳುತ್ತೇವೆ, ನಾವು ಕರೆಂಟು ಕಸಿಯುವವರಲ್ಲ, ಗ್ರಿಡ್ಡಿಗೆ ಆಸರೆಯಾಗುವವರು ಎಂದ.

ಸಭೆಯಲ್ಲಿ ಅರ್ಧ ಮಂದಿಗೆ ತಲೆಬುಡ ತಿಳಿಯಲಿಲ್ಲ. ದೊಡ್ಡವ್ವನ ಮುಖ ಮಾತ್ರ ಅರಳಿತು. ಅಷ್ಟು ದೂರದಿಂದ ಬಂದ, ಅಷ್ಟು ದೊಡ್ಡ ಕಂಪನಿ, ನಮ್ಮ ರಸ್ತೆಯ ಮಾತನ್ನೇ ಆಡುತ್ತಿದೆ ಎಂದು ಆಕೆಗೆ ಅನ್ನಿಸಿತ್ತು. ಎದ್ದು ನಿಂತಳು.

“ಅಂದ್ರ ನಿಮ್ಮಲ್ಲೂ ಹಸಿ ಭತ್ತ, ಒಣ ಭತ್ತ ಅಂತ ಐತಿ. ನಮ್ದು ಹಸಿ ಐತಿ ಅಂತ ಫೋನ್ ಮಾಡಿದ್ರ, ನಿಮ್ಮ ಒಣಾದು ನಿಲ್ಲಸ್ತೀರೇನು?”

ಮ್ಯಾನೇಜರಿಗೆ ಪಕ್ಕದಲ್ಲಿದ್ದವರು ಯಾರೋ ಅರ್ಥ ಹೇಳಿದರು. ಅವನು ನಕ್ಕು, ಖಂಡಿತ ಅಮ್ಮಾ, ಅದಕ್ಕೇ ಅಲ್ಲವೇ ನಾವಿರುವುದು ಎಂದ. ಎದುರು ಮಿಲ್ಲಿನ ಸಾಹುಕಾರ ಕುಳಿತಲ್ಲಿಂದಲೇ ಇದನ್ನು ಬರೆಸಿಕೊಳ್ಳುವುದು ಒಳ್ಳೆಯದು ಎಂದು ಗೊಣಗಿದ. ದೊಡ್ಡವ್ವ ತಿರುಗಿ ಅವನನ್ನು ನೋಡಿದಳು.

“ಸರದಿಗೆ ಯಾರರ ಬರ್ಕೊಡ್ತಾರೇನೋ ಸಾವ್ಕಾರ? ನಾ ನಿಂಗ ಬರ್ಕೊಟ್ಟಿದ್ನೇನು?”

ಸಭೆ ನಕ್ಕಿತು. ಅಲ್ಲಿ ಕೂತಿದ್ದವರೆಲ್ಲರ ಎದುರಿಗೆ ದೊಡ್ಡವ್ವ, ಕಂಬ ನೆಡಲಿ, ಇದಕ್ಕೆ ನಾನು ಜವಾಬ್ದಾರಿ ಎಂದಳು. ರೈತರು ಒಪ್ಪಿದ್ದು ಪರದೆಯ ಚಿತ್ರ ನೋಡಿ ಅಲ್ಲ, ಆಕೆಯ ಮಾತು ಕೇಳಿ. ಕಂಪನಿ ಆಕೆಗೆ ಶಾಲು ಹೊದಿಸಿತು, ಮ್ಯಾನೇಜರ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಆ ಫೋಟೋ ಮುಂದಿನ ವರ್ಷದ ಕಂಪನಿಯ ಕ್ಯಾಲೆಂಡರಿನಲ್ಲಿ ಬಂತು. ದೊಡ್ಡವ್ವ ಅದನ್ನು ಆಫೀಸಿನಲ್ಲಿ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದಳು. ಕನ್ನಡಕ ಚೆನ್ನಾಗಿ ಬಂದಿದೆ ಎನ್ನುತ್ತಿದ್ದಳು.

ಗೋಡೌನ್ ಶುರುವಾದ ಮೇಲೆ ಕೆಲವು ತಿಂಗಳು ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಬೇಸಿಗೆ ಬೆಳೆ ಕೊಯ್ಲಿಗೆ ಬಂದಾಗ. ಮೇ ತಿಂಗಳ ಬಿಸಿಲು. ನಮ್ಮದೂ, ಸಾಹುಕಾರನದೂ, ಇನ್ನೂ ಒಂದೆರಡು ಮಿಲ್ಲಿನವರದೂ ತೊಟ್ಟಿ ತುಂಬಿತ್ತು. ಮಧ್ಯಾಹ್ನ ಮೋಟಾರು ಹಾಕುವ ಹೊತ್ತಿಗೆ ನಮ್ಮ ಲೈನು ಹೋಯಿತು. ಸಬ್‌ಸ್ಟೇಷನ್ನಿಗೆ ಫೋನು ಮಾಡಿದರೆ, ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಹೆಚ್ಚಾಗಿದೆ, ಯಾವುದಾದರೂ ಲೈನು ತೆಗೆಯಲೇಬೇಕು, ಗೋಡೌನಿನ ಲೈನು ಮುಟ್ಟಲು ನಮಗೆ ಅಧಿಕಾರವಿಲ್ಲ, ಅದಕ್ಕೆ ನಿಮ್ಮದನ್ನು ತೆಗೆದಿದ್ದೇವೆ ಎಂದರು. ದೊಡ್ಡವ್ವ ಗಾಬರಿಯಾಗಲಿಲ್ಲ. ಇದಕ್ಕೆ ದಾರಿ ಇದೆಯಲ್ಲ ಎಂದು ನನ್ನ ಕೈಯಿಂದ ಫೋನು ತೆಗೆದುಕೊಂಡು ಮ್ಯಾನೇಜರಿಗೆ ಹಚ್ಚಿದಳು. ಮಿಲ್ಲಿನವರೆಲ್ಲ ನಮ್ಮ ಆಫೀಸಿನಲ್ಲಿ ಸೇರಿದ್ದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿಸಿದಳು. ಅಷ್ಟು ನಂಬಿಕೆ.

“ನಮ್ದು ಹಸಿ ಐತ್ರಿ. ನಿಮ್ದು ಸ್ವಲ್ಪ ತಗ್ಗಸ್ರಿ.”

ಮ್ಯಾನೇಜರ್ ಬಹಳ ಮರ್ಯಾದೆಯಿಂದ ಮಾತಾಡಿದ. ಇವತ್ತು ರಾಜ್ಯದಲ್ಲಿ ಸೋಲಾರ್ ಕರೆಂಟು ಬೇಕಾದ್ದಕ್ಕಿಂತ ಹೆಚ್ಚಾಗಿದೆ, ಅದನ್ನು ಯಾರಾದರೂ ಬಳಸಿಕೊಳ್ಳದಿದ್ದರೆ ಗ್ರಿಡ್ಡಿಗೆ ತೊಂದರೆ, ಹಾಗಾಗಿ ಈ ಹೊತ್ತಿನಲ್ಲಿ ಹೆಚ್ಚು ತೆಗೆದುಕೊಳ್ಳಿ ಎಂದು ನಮಗೆ ಮೇಲಿನಿಂದ ಸೂಚನೆ ಬಂದಿದೆ ಎಂದ. ಮುಂದಕ್ಕೆ ಹಾಕಿಟ್ಟ ಕೆಲಸವನ್ನೆಲ್ಲ ಈಗಲೇ ಓಡಿಸುತ್ತಿದ್ದೇವೆ. ಇಳಿಸಿ ಎಂಬ ಸೂಚನೆ ಬಂದಾಗ ಖಂಡಿತ ಇಳಿಸುತ್ತೇವೆ. ಸದ್ಯಕ್ಕೆ ನಾವು ಗ್ರಿಡ್ಡಿಗೆ ಸಹಾಯ ಮಾಡುತ್ತಿದ್ದೇವೆ ಅಮ್ಮಾ ಎಂದ.

ದೊಡ್ಡವ್ವ ಫೋನಿನ ಹತ್ತಿರಕ್ಕೆ ಬಾಗಿದಳು.

“ಗ್ರಿಡ್ ಅಂದ್ರ ಯಾರ್ರಿ? ನಾವಲ್ಲೇನು?”

ಅವನು, ಅದು ಹಾಗಲ್ಲಮ್ಮಾ, ನಿಮ್ಮದು ಲೋಕಲ್ ಸಮಸ್ಯೆ ಎಂದ. ಈಗ ನನಗೆ ಗೊತ್ತು, ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಡೀ ರಾಜ್ಯದ ಲೆಕ್ಕದಲ್ಲಿ ಆ ಮಧ್ಯಾಹ್ನ ಕರೆಂಟು ಹೆಚ್ಚಿತ್ತು. ನಮ್ಮ ಸಬ್‌ಸ್ಟೇಷನ್ನಿನ ಕೊರಳು ಕಿರಿದಾಗಿತ್ತು. ಆ ಕೊರಳಿನಲ್ಲಿ ಅವನು ಸಹಾಯ ಮಾಡಿದಷ್ಟೂ ನಮಗೆ ಉಸಿರು ಕಟ್ಟುತ್ತಿತ್ತು. ಇದು ಅವನಿಗೆ ಸಭೆಯ ದಿನವೇ ತಿಳಿದಿರಬೇಕು, ಇಲ್ಲವೇ ತಿಳಿದುಕೊಳ್ಳಬೇಕಿತ್ತು. ಹಳ್ಳಿಯ ಮುದುಕಿಯೊಬ್ಬಳು ಎಲ್ಲರೆದುರು ಕೇಳಿದ್ದಕ್ಕೆ ಖಂಡಿತ ಎನ್ನುವುದು ಅವನಿಗೆ ಸಲೀಸಾಗಿತ್ತು. ಆ ಖಂಡಿತ ಎಂಬ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ವಾರ ಮಧ್ಯಾಹ್ನವಾದರೆ ಸಾಕು ಲೈನು ಹೋಗುತ್ತಿತ್ತು. ತೊಟ್ಟಿಗಳ ಭತ್ತ ಹುಳಿ ಹಿಡಿಯಿತು. ತೆಕ್ಕಲಕೋಟೆಗೆ ಹೋಗುವ ಬಸ್ಸಿನವರು ನಮ್ಮ ರಸ್ತೆ ಬಂದರೆ ಮೂಗಿಗೆ ಸೆರಗು, ಟವೆಲ್ಲು ಹಿಡಿಯುತ್ತಿದ್ದರು. ಹಮಾಲರು ತೊಟ್ಟಿ ಬಗೆದು ಭತ್ತವನ್ನು ಹಳ್ಳದ ದಂಡೆಗೆ ಸುರಿದು ಬಂದರು. ಅವತ್ತು ಮಿಲ್ಲಿನವರ ಎದುರಿಗೆ ದೊಡ್ಡವ್ವ, ನನ್ನದು ತಪ್ಪಾಯಿತು, ಅವನ ಮಾತು ನಂಬಿದೆ ಎಂದಳು. ನಾನು ಕೇಳಿದ ಒಂದೇ ಸಲ ಅದು. ಸಾಹುಕಾರ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ನಿಂತಿದ್ದ.

ಸುದ್ದಿ ಅಲ್ಲಿಂದ ಹುಟ್ಟಿತು. ಕಂಪನಿಯವರು ಆಕೆಗೆ ಏನೋ ಕೊಟ್ಟಿದ್ದಾರೆ, ಇಲ್ಲದಿದ್ದರೆ ಬರೆಸಿಕೊಳ್ಳುವುದು ಬೇಡವೆಂದು ಯಾಕೆ ಹೇಳುತ್ತಿದ್ದಳು ಎಂದು. ಆಕೆಯ ಭತ್ತವೂ ಹಳ್ಳದ ದಂಡೆಯಲ್ಲೇ ಬಿದ್ದಿತ್ತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಗುತ್ತಿರುವ ಮ್ಯಾನೇಜರಿನ ಪಕ್ಕದಲ್ಲಿ ಶಾಲು ಹೊದ್ದು ನಿಂತ ಫೋಟೋ ಎಲ್ಲರಿಗೂ ಕಂಡಿತು.

ಆಮೇಲೆ ಆಕೆಗಿದ್ದದ್ದು ಒಂದೇ ಹಟ. ಮ್ಯಾನೇಜರ್ ಒಂದು ಸಲ ನಮ್ಮ ರಸ್ತೆಗೆ ಬರಬೇಕು. ಸಭೆಯಲ್ಲಿ ತಾನು ಖಂಡಿತ ಎಂದದ್ದು ನಿಜ, ಈಯಮ್ಮನಿಗೆ ಏನೂ ಕೊಟ್ಟಿಲ್ಲ ಎಂದು ಮಿಲ್ಲಿನವರ ಎದುರು ಹೇಳಬೇಕು. ಅಷ್ಟೇ. ಭತ್ತದ ಮಾತೇ ಎತ್ತಲಿಲ್ಲ. ಮತ್ತೆ ಮತ್ತೆ ನಾನು ಆಕೆಯನ್ನು ಸ್ಕೂಟರಿನಲ್ಲಿ ಕುರುಗೋಡಿಗೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಕೊರಳಿಗೆ ಪಾಸು ಹಾಕುತ್ತಿದ್ದರು. ತಣ್ಣನೆಯ ಕೋಣೆಯಲ್ಲಿ ಕೂರಿಸಿ ಬಿಸ್ಕತ್ತು, ಚಹಾ ಕೊಡುತ್ತಿದ್ದರು. ಒಂದು ದಿನ ಮ್ಯಾನೇಜರ್ ಸಿಕ್ಕ. ಹಾಗೆಲ್ಲ ಹೊರಗೆ ಮಾತಾಡಲು ಕಂಪನಿಯ ವಕೀಲರು ಬಿಡುವುದಿಲ್ಲ ಎಂದ. ನಿಮ್ಮ ಮೇಲೆ ನಮಗೆ ತುಂಬ ಗೌರವವಿದೆ ಎಂದೂ ಹೇಳಿದ.

“ಗೌರವ ತಗೊಂಡು ನಾ ಏನ್ ಮಾಡ್ಲಿ. ಅಲ್ಲಿ ಬಂದು ಒಂದ್ ಮಾತು ಹೇಳಿ ಹೋಗಪ್ಪ.”

ಅವನು ಗಡಿಯಾರ ನೋಡಿಕೊಂಡು ಎದ್ದ. ವಾಪಸು ಬರುವಾಗ ಆಕೆ ಸ್ಕೂಟರಿನ ಹಿಂದೆ ಎರಡೂ ಕೈಯಿಂದ ನನ್ನ ಹೆಗಲು ಹಿಡಿದುಕೊಂಡಿದ್ದಳು. ಅದಕ್ಕೆ ಮುಂಚೆ ಯಾವತ್ತೂ ಹಿಡಿದವಳಲ್ಲ.

ಮುಂದಿನ ಸುಗ್ಗಿಗೆ ನಮ್ಮ ರಸ್ತೆಯಲ್ಲಿ ಮಿಲ್ಲಿಗೊಂದು ಜನರೇಟರ್ ಬಂತು. ಸರದಿ ಯಾರಿಗೂ ಬೇಕಾಗಲಿಲ್ಲ. ಡೀಸೆಲ್ ಹೊಗೆ ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ದೊಡ್ಡವ್ವ ಮಾತ್ರ ಬೆಳಿಗ್ಗೆ ಎದ್ದು ಒಬ್ಬೊಬ್ಬರಿಗೂ ಫೋನು ಹಚ್ಚುತ್ತಿದ್ದಳು. ಮೊದಮೊದಲು ಎತ್ತಿ, ನಮ್ಮದು ನಾವು ನೋಡಿಕೊಳ್ಳುತ್ತೇವೆ ಬಿಡಕ್ಕ ಎನ್ನುತ್ತಿದ್ದರು. ಆಮೇಲೆ ಎತ್ತುವುದನ್ನೇ ಬಿಟ್ಟರು. ಫೋನು ಬಡಿದುಕೊಳ್ಳುವ ಸದ್ದು ಎದುರು ಮಿಲ್ಲಿನ ಆಫೀಸಿನಿಂದ ನಮಗೇ ಕೇಳುತ್ತಿತ್ತು. ನಾನು ಸಾಕು ಬಿಡು ದೊಡ್ಡವ್ವಾ ಎಂದರೆ, ಯಾರದಾದರೂ ಹಸಿ ಇದ್ದರೆ ಏನು ಗತಿ ಎಂದು ನನ್ನನ್ನೇ ಗದರಿಸುತ್ತಿದ್ದಳು. ನನಗೆ ಆಕೆಯ ಮೇಲೂ ಸಿಟ್ಟು ಬರುತ್ತಿತ್ತು. ಅವರನ್ನು ಬೈದುಬಿಡಲಿ, ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದು ಬಾಗಿಲು ಹಾಕಿಕೊಳ್ಳಲಿ ಎಂದು ಅನ್ನಿಸುತ್ತಿತ್ತು. ಬೈಯಲಿಲ್ಲ. ಬೈಯುವುದೇ ನಿಂತುಹೋಗಿತ್ತು, ಹಮಾಲರಿಗೆ ಅದರಿಂದಲೇ ಭಯವಾಗಿತ್ತು.

ಮರುವರ್ಷದ ಮಳೆಗಾಲದಲ್ಲಿ ಹೃದಯದ ತೊಂದರೆ ಎಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಬಾಯಿಗೆ ಹಾಕಿದ ಕೊಳವೆ ತೆಗೆದ ದಿನ ಸ್ವಲ್ಪ ಮಾತಾಡಿದಳು. ನೀರು ಕೇಳಲಿಲ್ಲ, ಮಿಲ್ಲು ಕೇಳಲಿಲ್ಲ.

“ಅವ ಬರ್ತೀನಿ ಅಂದನೇನ?”

ಬರ್ತಾನ ದೊಡ್ಡವ್ವಾ ಎಂದೆ. ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿದಳು. ಮಾರನೆಯ ದಿನ ಹೋದಳು. ಮಣ್ಣಿಗೆ ರಸ್ತೆಯ ಮಿಲ್ಲಿನವರೆಲ್ಲ ಬಂದಿದ್ದರು, ಬರಲಿಲ್ಲ ಎನ್ನಲಾರೆ. ದೂರದಲ್ಲಿ ಸಾಲಾಗಿ ನಿಂತು, ಹೊತ್ತಾಗುತ್ತದೆ ಎಂದು ಹೊರಟರು. ಕಂಪನಿಯಿಂದ ದೊಡ್ಡ ಹೂವಿನ ಹಾರ ಬಂತು. ತಂದವನು ಡ್ರೈವರ್.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಕಾಲಕ್ರಮೇಣ ಸಮಾಧಾನವಾಗುತ್ತಿತ್ತೇನೋ. ಮುಂದಿನ ಬೇಸಿಗೆಗೆ ಹೊಸ ಏರ್ಪಾಡು ಬಂತು. ರಾಜ್ಯದ ಗ್ರಿಡ್ಡಿನ ಸೂಚನೆಯ ಜೊತೆಗೆ ಸ್ಥಳೀಯ ಸಬ್‌ಸ್ಟೇಷನ್ನಿನ ಹೊರೆಯನ್ನೂ ನೋಡಿ ಬಳಕೆ ಇಳಿಸಿದರೆ ಕಂಪನಿಗೆ ಏನೋ ರಿಯಾಯಿತಿಯಂತೆ, ಒಳ್ಳೆಯ ಹೆಸರೂ ಅಂತೆ. ಹಸಿ ಇದ್ದ ಮಿಲ್ಲಿನವರು ಬೆಳಿಗ್ಗೆ ಒಂದು ನಂಬರಿಗೆ ಮೆಸೇಜು ಕಳಿಸಬೇಕು. ಮಧ್ಯಾಹ್ನ ಸಬ್‌ಸ್ಟೇಷನ್ನಿನ ಮೇಲೆ ಹೊರೆ ಏರಿದರೆ ಗೋಡೌನಿನ ಕಂಪ್ಯೂಟರುಗಳು ತಮ್ಮ ತಡೆಯಬಹುದಾದ ಕೆಲಸವನ್ನು ತಾವೇ ನಿಲ್ಲಿಸುತ್ತವೆ, ಇಲ್ಲವೇ ಬೇರೆ ಊರಿಗೆ ದಾಟಿಸುತ್ತವೆ. ಚೆನ್ನಾಗಿಯೇ ನಡೆಯುತ್ತಿದೆ. ಈ ಬೇಸಿಗೆಯಲ್ಲಿ ನಮ್ಮ ಲೈನು ಹೋಗಲಿಲ್ಲ. ಮಾಡಬೇಕೆಂದರೆ ಆಗುವ ಕೆಲಸ ಅದು ಎಂಬುದು ಹೀಗೆ ತಿಳಿಯಿತು. ಆಕೆ ಕೇಳಿದ ದಿನವೂ ಆಗುತ್ತಿತ್ತು. ಆಗ ಅದರಿಂದ ಅವರಿಗೆ ಏನೂ ಸಿಗುತ್ತಿರಲಿಲ್ಲ.

ಅದರ ಸಮಾರಂಭವೂ ಕುರುಗೋಡಿನಲ್ಲಿ ಆಯಿತು. ಮ್ಯಾನೇಜರ್ ಈಗ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾನೆ, ಅದಕ್ಕೆಂದೇ ಬೆಂಗಳೂರಿನಿಂದ ಬಂದಿದ್ದ. ಮಿಲ್ಲಿನವರಿಗೆಲ್ಲ ಒಬ್ಬೊಬ್ಬರಾಗಿ ಶಾಲು. ನಾನೂ ಹೋಗಿದ್ದೆ, ಮಿಲ್ಲು ಈಗ ನನ್ನ ಕೈಯಲ್ಲಿದೆ. ದೊಡ್ಡವ್ವನ ಹೆಸರನ್ನು ಯಾರಾದರೂ ಒಬ್ಬರು ಎತ್ತಲಿ ಎಂದು ಕೊನೆಯ ವಂದನಾರ್ಪಣೆಯವರೆಗೂ ಕುಳಿತೆ. ಎತ್ತಲಿಲ್ಲ. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಎದುರು ಮಿಲ್ಲಿನ ಸಾಹುಕಾರ ಪಕ್ಕಕ್ಕೆ ಬಂದ. ಶಾಲು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಮುಖ ನಿಜವಾಗಿಯೂ ಸಂತೋಷವಾಗಿತ್ತು.

“ಕಂಪ್ನಿಯವ್ರು ಕೆಟ್ಟೋರಲ್ಲ ನೋಡವಾ ತಂಗಿ. ಕೇಳೋ ಹಂಗ ಕೇಳಿದ್ರ ಕೊಡ್ತಾರ. ಪಾಪ, ನಿಮ್ಮ ದೊಡ್ಡವ್ವಗ ಕೇಳಾಕ ಬರಲಿಲ್ಲ.”

ಚುಚ್ಚಬೇಕೆಂದು ಆಡಿದ ಮಾತಾಗಿದ್ದರೆ ಅಲ್ಲೇ ಅವನ ಶಾಲು ಕಿತ್ತು ಎಸೆಯುತ್ತಿದ್ದೆ. ಅವನು ಆಕೆಯ ಮೇಲೆ ಕನಿಕರಪಟ್ಟು ಹೇಳಿದ್ದ.